ಅವ್ವ ನೀರು ಮುಟ್ಟದ ಮುಕ್ಕಾಲು ತಾಸು

ಎಪ್ಪತ್ನಾಲ್ಕು ವರ್ಷ ತುಂಬುವತನಕ ಅವ್ವನಿಗೆ ಸಮುದ್ರ ನೋಡುವ ಯೋಗ ಬಂದಿರಲಿಲ್ಲ. ಬೆಲ್ಲದ ಬಾಗೇವಾಡಿಯಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಅಪ್ಪ ತೀರಿಕೊಂಡ ಮೇಲೆ ಗೋಕಾಕದ ನನ್ನ ಮನೆಗೆ ಬಂದವಳು. ಅವಳು ಕಂಡ ದೊಡ್ಡ ನೀರೆಂದರೆ ಮಳೆಗಾಲದ ಘಟಪ್ರಭೆ. ಈ ಸಲ ನಾನೇ ಹಟ ಹಿಡಿದು, ಅಂಕೋಲಾದ ಆಚೆ ಗುಡ್ಡದ ಬುಡದಲ್ಲಿದ್ದ ಒಂದು ಕಾಟೇಜನ್ನು ಎರಡು ದಿನಕ್ಕೆ ಹಿಡಿದೆ. ಹಿಂದೆ ಕಾಡು ತುಂಬಿದ ಗುಡ್ಡ, ಮುಂದೆ ಗಾಳಿಮರಗಳ ಸಾಲು, ಅದರಾಚೆ ಮರಳು.

ಕಾಟೇಜು ನೋಡಿಕೊಳ್ಳುವ ಹೆಂಗಸು ನಮ್ಮ ಗೋಕಾಕದ ಹತ್ತಿರದ ಮೂಡಲಗಿ ಕಡೆಯವಳೆಂದು ತಿಳಿದ ಮೇಲೆ ಅವ್ವನಿಗೆ ಊರು ಬಿಟ್ಟ ಅಳುಕು ಅರ್ಧ ಹೋಯಿತು. ಕುರಿ ಮೇಯಿಸುತ್ತಿದ್ದ ಗಂಡಹೆಂಡತಿ ಕುರಿ ಮಾರಿ, ಘಟ್ಟ ಇಳಿದು ಬಂದು ಇಲ್ಲೇ ನಿಂತಿದ್ದರು. ಮೊದಲ ದಿನವೆಲ್ಲ ಇಬ್ಬರೂ ಕಟ್ಟೆಯ ಮೇಲೆ ಕೂತು ಊರ ಸುದ್ದಿ ಹೇಳಿಕೊಂಡರು. ಸಮುದ್ರ ತೋರಿಸಲು ಕರೆತಂದರೆ ಮೂಡಲಗಿ ಸಂತೆಯ ಮಾತಾಡುತ್ತಾಳಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು.

ನನ್ನದು ಮೊದಲಿನಿಂದಲೂ ಅವಸರದ ಬುದ್ಧಿ. ಇಪ್ಪತ್ತು ವರ್ಷ ಅರಭಾವಿಗೆ ಬಸ್ಸು ಹಿಡಿದು ನೌಕರಿ ಮಾಡಿದವಳು, ಕೂತು ಚಹಾ ಕುಡಿಯುವುದೂ ನನಗೆ ಒಗ್ಗುವುದಿಲ್ಲ. ಅವ್ವನದು ಅದರ ತಿರುಗಾಮುರುಗಾ. ಎದ್ದು ಸ್ನಾನ, ವಿಭೂತಿ, ಕೊರಳಿನ ಇಷ್ಟಲಿಂಗವನ್ನು ಎಡಗೈಯ ಮೇಲಿಟ್ಟು ಪೂಜೆ. ಆಮೇಲೆ ನಾನು ಕೊಡುವ ಇನ್ಸುಲಿನ್ ಸೂಜಿ, ಆಮೇಲೆ ನಾಷ್ಟಾ. ಏಳನೆಯ ವಯಸ್ಸಿಗೆ ಕೊರಳಿಗೆ ಬಂದ ಲಿಂಗಕ್ಕೆ ತೋರಿಸದೆ ಅವಳು ಒಂದು ಗುಟುಕು ನೀರನ್ನೂ ಕುಡಿದವಳಲ್ಲ. ನನ್ನನ್ನು ಹೆತ್ತ ದಿನವೂ ಕುಡಿಯಲಿಲ್ಲ ಎನ್ನುತ್ತಾಳೆ. ಅದನ್ನು ನಾನು ನಂಬುತ್ತೇನೆ.

ಎರಡನೆಯ ದಿನ ಬೆಳಿಗ್ಗೆ ಏಳು ದಾಟುತ್ತಲೇ ಅವಳನ್ನು ನೀರಿಗಿಳಿಸಿದೆ. ಮೊದಲು ಪಾದ ಮುಳುಗುವಷ್ಟು, ಆಮೇಲೆ ಮೊಣಕಾಲಿನತನಕ. ಒಂದು ದೊಡ್ಡ ತೆರೆ ಬಂದು ಅವಳನ್ನು ಕುಕ್ಕರಿಸಿ, ತಲೆಯ ಮೇಲೆ ಹಾದುಹೋಯಿತು. ನಾನು ರಟ್ಟೆ ಹಿಡಿದು ಎಳೆದೆ. ಅವ್ವ ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದಳು. ಮತ್ತೆ ಬೇಕೆಂದಳು. ಅರ್ಧ ತಾಸು ಹಾಗೇ ತೆರೆಗೆ ಮೈಯೊಡ್ಡಿದೆವು.

ಕಾಟೇಜಿಗೆ ಮರಳಿದಾಗ ಎಂಟು ದಾಟಿತ್ತು. ಗುಡ್ಡದ ಮೇಲಿನ ಊರು ತೋರಿಸಲು ಒಂಬತ್ತಕ್ಕೆ ಗಾಡಿ ಬರುವುದಿತ್ತು. ಅವಲಕ್ಕಿ ಒಗ್ಗರಣೆಯ ವಾಸನೆ ಬರುತ್ತಿತ್ತು. ಅವ್ವ ಸ್ನಾನ, ಪೂಜೆ ಮುಗಿಸುವಷ್ಟರಲ್ಲಿ ಸೂಜಿಯ ಹೊತ್ತೂ ಸರಿಹೋಗುತ್ತದೆಂದು ಲೆಕ್ಕ ಹಾಕಿ, ಒದ್ದೆ ಸೀರೆಯಲ್ಲೇ ಅವಳನ್ನು ನಿಲ್ಲಿಸಿ ರಟ್ಟೆಗೆ ಚುಚ್ಚಿಬಿಟ್ಟೆ. ಅವಳು ಬಚ್ಚಲಿಗೆ ಹೋದಳು.

ಒಳಗಿನಿಂದ ನೀರಿನ ಸದ್ದು ನಿಂತಿತು.

"ಏ ಯವ್ವಾ, ಕೊಳ್ಳಾಗ ಲಿಂಗ ಇಲ್ಲ."

ಒದ್ದೆ ಸೀರೆ ಕೊಡವಿದೆ, ಕುಪ್ಪಸ ಕೊಡವಿದೆ. ಮರಳು ಉದುರಿತು, ಅಷ್ಟೇ. ಬಚ್ಚಲ ತೂತಿಗೆ ಕೈ ಹಾಕಿದೆ. ಬರಿಗಾಲಲ್ಲಿ ದಂಡೆಗೆ ಓಡಿದೆ. ನಾವು ತೆರೆಗೆ ಮೈಯೊಡ್ಡಿದ್ದ ಜಾಗದಲ್ಲಿ ಆಗಲೇ ನೀರು ಏರಿತ್ತು. ಮೂಡಲಗಿಯವಳು ಸೀರೆ ಎತ್ತಿ ಕಟ್ಟಿ ನೀರಿಗಿಳಿದು, ಮರಳು ಬಾಚಿ ಬಾಚಿ ನೋಡಿದಳು.

"ತೆರಿ ಒಳಗ ಎಳಕೊಂಡೈತ್ರಿ ಅಕ್ಕಾರ. ಸಿಗೂದು ಕಠಿಣ ಐತಿ," ಎಂದಳು.

ಗಡಿಯಾರ ನೋಡಿಕೊಂಡೆ. ಸೂಜಿ ಚುಚ್ಚಿ ಇಪ್ಪತ್ತೈದು ನಿಮಿಷ. ಹಿಂದೊಮ್ಮೆ ಊಟ ತಡವಾಗಿ ಅವ್ವ ನೆಲಕ್ಕೆ ಬಿದ್ದು ಕಣ್ಣು ಮೇಲೆ ಮಾಡಿದ್ದನ್ನು ಕಂಡವಳು ನಾನು. ಇಲ್ಲಿಂದ ದವಾಖಾನೆಗೆ ಮುಕ್ಕಾಲು ತಾಸಿನ ದಾರಿ.

ಒಳಗೆ ಬಂದಾಗ ಅವಳು ಒಣ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಗೋಡೆಗೊರಗಿ ಕೂತಿದ್ದಳು. ಎದುರಿಗಿದ್ದ ಅವಲಕ್ಕಿಯನ್ನು ಮುಟ್ಟಿರಲಿಲ್ಲ.

"ಅವ್ವಾ, ಸೂಜಿ ಮಾಡೇನಿ. ತಿನ್ನಲಿಲ್ಲಂದ್ರ ಸಕ್ಕರಿ ಇಳೀತೈತಿ."

"ಇಳೀಲಿ. ಲಿಂಗ ಇಲ್ಲದ ನೀರ ಸೈತ ಬ್ಯಾಡ ನನಗ."

ನಾನು ಕೂಗಾಡಿದೆ. ನೀನು ಸತ್ತರೆ ನಿನ್ನ ದೇವರಿಗೇನು ಬಂತು ಎಂದೆ. ಸಮುದ್ರ ಬೇಕು ಎಂದು ನೀನೇ ಕೇಳಿದ್ದೆ ಎಂದೂ ಅಂದೆ. ಅದು ಸುಳ್ಳು, ಅವಳು ಕೇಳಿರಲಿಲ್ಲ. ಮೂಡಲಗಿಯವಳು ಸಕ್ಕರೆ ಕಲಸಿದ ನೀರು ತಂದಳು. ನಾನು ಲೋಟವನ್ನು ಅವ್ವನ ತುಟಿಗೊತ್ತಿದೆ. ಅವಳು ಹಲ್ಲು ಕಚ್ಚಿದಳು. ನೀರು ಗದ್ದದಿಂದ ಇಳಿಯಿತು. ಅವಳ ಹಣೆ ಬೆವರಿ ವಿಭೂತಿ ಕರಗತೊಡಗಿತ್ತು, ಬೆರಳು ನಡುಗುತ್ತಿದ್ದವು.

"ಆಯಿ, ಹಟಾ ಮಾಡಬ್ಯಾಡ್ರಿ. ಮಗಳ ಮಾರಿ ನೋಡ್ರಿ ಒಂದೀಟು," ಎಂದಳು ಮೂಡಲಗಿಯವಳು.

ಅವ್ವ ನನ್ನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ನಾಲಿಗೆ ತೊದಲುತ್ತಿತ್ತು.

"ಹಂಗಾರ ನಿಂದ ತಗಿ. ನನಗ ಕಟ್ಟಾಕಲ್ಲ, ಒಬ್ಬರದು ಒಬ್ಬರಿಗೆ ನಡಿಯಂಗಿಲ್ಲ. ನಿನ್ನ ಕೈಯಾಗ ಇಟ್ಟು ನೀ ಪೂಜಿ ಮಾಡು. ನಾ ಅದನ್ನ ನೋಡಿ, ಕಣ್ಣಿಗೊತ್ತಿಕೊಂಡು ನೀರ ಕುಡೀತೀನಿ. ಬಸವಣ್ಣ ಇಷ್ಟಕ್ಕ ಸಿಟ್ಟಾಗಂಗಿಲ್ಲ."

ಅವಳೇ ಹುಡುಕಿಕೊಟ್ಟ ದಾರಿ ಅದು. ನನ್ನ ಕೈ ಕೊರಳಿಗೆ ಹೋಗಲಿಲ್ಲ. ಅಲ್ಲಿ ಏನೂ ಇರಲಿಲ್ಲ. ಒಮ್ಮೆ ಬಸ್ಸಿನ ನೂಕುನುಗ್ಗಲಿನಲ್ಲಿ ದಾರ ಹರಿದಿತ್ತು. ನಾಳೆ ಹೊಸ ದಾರ ಹಾಕಿದರಾಯಿತೆಂದು ತಿಜೋರಿಯಲ್ಲಿಟ್ಟೆ. ಆ ನಾಳೆ ಬರಲೇ ಇಲ್ಲ. ದಿನವೂ ಬಚ್ಚಲಿಂದ ಹೊರಬರುವಾಗ ಹಣೆಗೆ ವಿಭೂತಿ ಹಚ್ಚಿಕೊಂಡು, ಪೂಜೆಯಾಯಿತೆಂದು ಹೇಳಿ ಅವ್ವನ ಪಕ್ಕ ಉಣ್ಣಲು ಕೂರುತ್ತಿದ್ದೆ.

ಕೋಣೆಯಲ್ಲಿದೆ, ತರುತ್ತೇನೆ ಎಂದು ಇನ್ನೊಂದು ಸುಳ್ಳು ಹೇಳಬಹುದಿತ್ತು. ಹೋಗಿ ತರುವುದಾದರೂ ಏನನ್ನು?

"ನನ್ನ ಕೊಳ್ಳಾಗೂ ಇಲ್ಲವ್ವಾ."

"ಎಲ್ಲಿ ಐತಿ?"

"ಮನ್ಯಾಗ. ತಿಜೋರಿ ಒಳಗ."

"ಎಷ್ಟ ದಿವಸಾತು?"

"ಎಂಟ ವರ್ಷ."

ಅವ್ವ ಕಣ್ಣು ಮುಚ್ಚಿದಳು. ಮೂಡಲಗಿಯವಳು ಗೋಡೆಯ ಕಡೆ ತಿರುಗಿ ನಿಂತಳು. ಇನ್ನು ಮುಗಿಯಿತು, ಎಂಟು ವರ್ಷ ಮಗ್ಗುಲಲ್ಲೇ ಕೂತು ಸುಳ್ಳು ಹೇಳಿದವಳ ಕೈಯಿಂದ ಇವಳು ಇನ್ನೇನು ಕುಡಿದಾಳು ಎಂದುಕೊಂಡೆ. ಗಾಡಿಯವನಿಗೆ ಬೇಗ ಬಾ ಎಂದು ಹೇಳಲು ಫೋನಿಗಾಗಿ ತಡಕಾಡಿದೆ.

"ಲೋಟಾ ಕೊಡಿಲ್ಲೆ," ಎಂದಳು ಅವ್ವ.

ಕೊಟ್ಟೆ. ಅರ್ಧ ನೀರು ಅವಳ ಸೆರಗಿನ ಮೇಲೆ ಚೆಲ್ಲಿತು. ಉಳಿದದ್ದನ್ನು ಕುಡಿದಳು. ಮೂಡಲಗಿಯವಳು ಓಡಿಹೋಗಿ ಇನ್ನೊಂದು ಲೋಟ ತಂದಳು. ಅದನ್ನೂ ಕುಡಿದಳು. ಹತ್ತು ನಿಮಿಷದಲ್ಲಿ ಅವಳ ಬೆವರು ಆರಿತು, ಬೆರಳಿನ ನಡುಕ ನಿಂತಿತು. ನಾನು ಅವಳ ಕಾಲ ಬಳಿ ಕುಸಿದು ಕೂತಿದ್ದೆ.

"ಎಂಟ ವರ್ಷ ಒಬ್ಬಾಕಿನ ಇದನ್ನ ಹೊತ್ಕೊಂಡು ಉಂಡಿ?"

ನಾನು ಅವಳ ಒದ್ದೆ ಸೆರಗನ್ನು ಹಿಂಡಿದೆ.

"ನನಗ ಹೇಳಾಕ ಏನಾಗಿತ್ತು? ಇರ್ಲಿ. ಈಗ ನೀ ಒಬ್ಬಾಕಿ ಅಲ್ಲ. ಊರಿಗೆ ಹೋಗಿ ಇಬ್ಬರೂ ಕೂಡೇ ಕಟ್ಟಿಸ್ಕೊಳ್ಳೂಣು."

ಅವಲಕ್ಕಿಯ ತಾಟು ಹತ್ತಿರ ಎಳೆದುಕೊಂಡಳು. ಮೊದಲ ತುತ್ತು ಹಿಡಿದಾಗ ಎಡಗೈ ತಾನಾಗಿ ಎದೆಯ ಹತ್ತಿರ ಹೋಯಿತು, ಅಲ್ಲಿ ಏನೂ ಸಿಗದೆ ಮಡಿಲಿಗೆ ಬಂತು. ತಿನ್ನುತ್ತಿದ್ದಷ್ಟು ಹೊತ್ತೂ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅರವತ್ತೇಳು ವರ್ಷದಲ್ಲಿ ಮೊದಲ ಸಲ ಅವ್ವ ಬರಿಗೊರಳಲ್ಲಿ ಉಂಡಳು, ನಾನೊಬ್ಬಳೇ ತಪ್ಪಿತಸ್ಥಳಾಗಿ ಉಳಿಯಬಾರದೆಂದು.