ಮೂರು ಸಲ ಮುಚ್ಚಿದ ತುಟಿ

ನಮ್ಮ ಚಿಕ್ಕಪ್ಪನ ಎದುರು ಕೂತು ಮಾತಾಡುವವರಿಗೆ ಮೊದಮೊದಲು ಕಸಿವಿಸಿಯಾಗುತ್ತದೆ. ಈ ಮನುಷ್ಯ ಎದುರಿನವರ ಕಣ್ಣು ನೋಡುವುದಿಲ್ಲ, ಬಾಯಿ ನೋಡುತ್ತಾರೆ. ಹಲ್ಲಿನ ಡಾಕ್ಟರಿರಬೇಕು ಅಂದುಕೊಂಡು ದವಡೆ ತೋರಿಸಿದವರೂ ಇದ್ದಾರೆ. ಏನು ಮಾಡುವುದು, ಅವರ ಕಸುಬೇ ಅಂಥದ್ದು. ಪರಭಾಷೆಯ ಧಾರಾವಾಹಿಯೋ ಕಾರ್ಟೂನೋ ನಮ್ಮ ಸ್ಟುಡಿಯೊಗೆ ಡಬ್ಬಿಂಗಿಗೆ ಬಂದರೆ, ಪರದೆಯ ಮೇಲಿನ ತುಟಿಗೆ ಒಪ್ಪುವ ಹಾಗೆ ನಮ್ಮ ಭಾಷೆಯ ಮಾತು ಬರೆದುಕೊಡುವವರು ಅವರು. ಊರೆಲ್ಲ ತುಟಿ ಮೇಷ್ಟ್ರು ಅನ್ನುತ್ತದೆ. ಸ್ಟುಡಿಯೊ ನನ್ನದು, ಮಿಕ್ಸಿಂಗ್ ಮೇಜಿನ ಮುಂದೆ ಬೆನ್ನು ಬಗ್ಗಿಸುವವಳು ನಾನು, ಬಂದವರು ಕೇಳುವುದು ಮಾತ್ರ ‘ಮೇಷ್ಟ್ರು ಇದ್ದಾರಾ?’ ಅಂತ. ನನಗೆ ಮೂಗಿನ ತುದಿಯಲ್ಲೇ ಕೋಪ ಅನ್ನುತ್ತಾರಲ್ಲ, ಇನ್ನೆಲ್ಲಿ ಇರಬೇಕಿತ್ತು?

ಪ, ಬ, ಮ. ಈ ಅಕ್ಷರ ಬಂದಾಗ ತುಟಿ ಮುಚ್ಚಲೇಬೇಕು. ನೀವೇ ಹೇಳಿ ನೋಡಿ. ಎಂಥ ಶೂರನಾದರೂ ಬಾಯಿ ತೆರೆದುಕೊಂಡು ‘ಅಮ್ಮ’ ಅನ್ನಲಾರ. ಚಿಕ್ಕಪ್ಪನ ವಿದ್ಯೆಯೆಲ್ಲ ಇಷ್ಟರಲ್ಲೇ ಇದೆ. ಪರದೆಯ ಮೇಲೆ ತುಟಿ ಮುಚ್ಚಿದ ಕಡೆ ನಮ್ಮ ಮಾತಿನಲ್ಲೂ ಈ ಅಕ್ಷರಗಳಲ್ಲೊಂದು ಬೀಳಬೇಕು. ಹಾಗೆ ಬಿದ್ದರೆ ನಮ್ಮಲ್ಲಿ ‘ಮಾತು ಕೂತಿತು’ ಅನ್ನುತ್ತೇವೆ. ಕಳೆದ ತಿಂಗಳು ಒಂದು ಧಾರಾವಾಹಿಯಲ್ಲಿ ಖಳನಾಯಕ ಚಾಕು ಹಿಡಿದು ಮೂರು ಸಲ ತುಟಿ ಮುಚ್ಚಿ ಏನೋ ಅಬ್ಬರಿಸಿದ. ಅನುವಾದಕರು ‘ನಿನ್ನನ್ನು ಕೊಂದು ಹಾಕುತ್ತೇನೆ’ ಅಂತ ಬರೆದು ಕಳಿಸಿದ್ದರು. ಆ ಮಾತಿಗೆ ತುಟಿ ಒಂದು ಸಲವೂ ಮುಚ್ಚುವುದಿಲ್ಲ. ಚಿಕ್ಕಪ್ಪ ಹೊರಗೆ ಹೋಗಿ ಒಂದು ಟೀ ಕುಡಿದು ಬಂದು, ‘ಬಿಡಲ್ಲ ಮಗನೇ, ಬಿಡಲ್ಲ!’ ಅಂತ ಬರೆದರು. ಕೂತಿತು ನೋಡಿ, ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ.

ಯಾವಾಗಲೂ ಹೀಗೇ ಆಗುತ್ತದೆ ಅಂದುಕೊಳ್ಳಬೇಡಿ. ಈಗ ನಡೆಯುತ್ತಿರುವುದು ಒಂದು ಅಳಿಲಿನ ಕಾರ್ಟೂನು. ಅಳಿಲು ಕೈಯಲ್ಲಿ ಅಕ್ರೋಟು ಹಿಡಿದುಕೊಂಡು, ತುಟಿಯನ್ನು ಪಟಪಟ ಮುಚ್ಚಿ ತೆರೆದು ಕುಣಿಯುತ್ತದೆ. ‘ಅಕ್ರೋಟು’ ಕೂರಲಿಲ್ಲ. ಚಿಕ್ಕಪ್ಪ ‘ಬಾದಾಮಿ, ಬಾದಾಮಿ’ ಅಂತ ಬರೆದುಬಿಟ್ಟರು. ಕಾರ್ಟೂನಿನವರು ಫೋನು ಮಾಡಿ ಕೂಗಾಡಿದರು. ಚಿಕ್ಕಪ್ಪ ತಣ್ಣಗೆ, ‘ಹಸಿದ ಅಳಿಲು ಸ್ವಾಮಿ, ಅದಕ್ಕೆ ಹೆಸರು ನೆನಪಿರುತ್ತಾ?’ ಅಂದರು. ಬೈಗುಳ ತಿಂದಿದ್ದು ನಾನು.

ಮನೆಯಲ್ಲೂ ಇದೇ ಕತೆ. ಚಿಕ್ಕಮ್ಮ ತನ್ನ ತಂಗಿಯ ಜೊತೆ ಫೋನಿನಲ್ಲಿ ಮಾತಾಡುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಾಳೆ. ‘ಪಕ್ಕದ ಕೋಣೆಯಿಂದ ಕೂಗಿದ್ರೆ ಈ ಮನುಷ್ಯನಿಗೆ ಕೇಳಿಸಲ್ಲ. ಅದೇ ಹಿತ್ತಲಲ್ಲಿ ನಾನು ಪಿಸುಗುಟ್ಟಿದ್ರೆ ಕಿಟಕಿಯಿಂದಾನೇ ಗೊತ್ತಾಗಿಬಿಡುತ್ತೆ!’ ಅನ್ನುವುದು ಅವಳ ದೂರು. ಮದುವೆಯಾದ ಹೊಸದರಲ್ಲಿ ಇದೇ ಗುಣ ಕಂಡು ‘ಎಷ್ಟು ಪ್ರೀತಿಯಿಂದ ನೋಡ್ತಾರೆ!’ ಅಂದುಕೊಂಡಿದ್ದಳಂತೆ, ಪಾಪ.

ಆ ಅಳಿಲಿಗೆ ದನಿ ಕೊಡುವವಳು ಪುಟ್ಟಿ. ವಯಸ್ಸು ನಲವತ್ತು ದಾಟಿದೆ, ಕನ್ನಡಕ ಬಂದಿದೆ. ಆದರೆ ಮೈಕಿನ ಮುಂದೆ ನಿಂತರೆ ಹಾಲುಹಲ್ಲಿನ ಮಗು. ನಮ್ಮಲ್ಲಿಗೆ ಬರುವ ಮಕ್ಕಳೆಲ್ಲ, ಮರಿಗಳೆಲ್ಲ, ಹಾಸಿಗೆಯ ಜಾಹೀರಾತಿನಲ್ಲಿ ಆಕಳಿಸುವ ಪಾಪುವೂ ಅವಳೇ. ನಗುನಗುತ್ತಾ ಬರುತ್ತಾಳೆ, ನಗಿಸಿ ಹೋಗುತ್ತಾಳೆ. ಅವಳಿಗೆ ಇದೇ ಊರಿನಲ್ಲಿ ತವರಿದೆ, ಎರಡು ಬಸ್ಸು ಹತ್ತಿದರೆ ಸಾಕು, ಅಲ್ಲಿಗೆ ಅವಳು ಹೋಗುವುದೇ ಇಲ್ಲ ಅನ್ನುವುದು ನನಗೆ ಮೊನ್ನೆಯವರೆಗೂ ಗೊತ್ತಿರಲಿಲ್ಲ.

ಮೊನ್ನೆ ಅವಳ ಅಣ್ಣ ಸ್ಟುಡಿಯೊಗೆ ಬಂದ. ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುವ ಕೆಲಸವನ್ನೂ ನಾವು ಮಾಡುತ್ತೇವೆ. ಮನೆಗೆ ಬಣ್ಣ ಹೊಡೆಸುವಾಗ ಅಟ್ಟದ ಮೇಲೆ ಪುಟ್ಟಿಯ ಮದುವೆಯ ಕ್ಯಾಸೆಟ್ ಸಿಕ್ಕಿತಂತೆ. ಅದನ್ನು ಕೊಟ್ಟು ತಂಗಿಯ ಕಡೆ ತಿರುಗಿ, ‘ಭಾನುವಾರ ಊಟಕ್ಕೆ ಬಾರೇ. ಮಕ್ಕಳು ಅಳಿಲು ಅತ್ತೇನ ನೋಡ್ಬೇಕು ಅಂತ ಕುಣೀತಿದಾವೆ’ ಅಂದ.

‘ನೋಡೋಣ ಅಣ್ಣ, ಕೆಲಸ ಇದೆ’ ಅಂದಳು ಪುಟ್ಟಿ.

‘ಹದಿನೈದು ವರ್ಷದಿಂದ ನೋಡ್ತಾನೇ ಇದೀಯ’ ಅಂದುಕೊಂಡೇ ಅವನು ಹೊರಟುಹೋದ. ಭಾನುವಾರ ಕೆಲಸವಿಲ್ಲ ಅಂತ ನನಗೆ ಗೊತ್ತು, ಸ್ಟುಡಿಯೊದ ಬೀಗ ಹಾಕುವವಳು ನಾನೇ ತಾನೆ? ‘ಏನೇ ಇದು?’ ಅಂತ ಗದರಿದೆ. ಪುಟ್ಟಿ ಚಿಕ್ಕಪ್ಪನ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತು ಎಲ್ಲವನ್ನೂ ಹೇಳಿದಳು.

ಹುಡುಗನನ್ನು ಇವಳೇ ಮೆಚ್ಚಿಕೊಂಡು ಮದುವೆಯಾದದ್ದು. ಅಪ್ಪನಿಗೆ ಅಷ್ಟೇನೂ ಮನಸ್ಸಿರಲಿಲ್ಲ, ಆದರೂ ಮುಂದೆ ನಿಂತು ಮಾಡಿಸಿದರು. ಹೊರಡುವಾಗ, ಕಾರಿನ ಪಕ್ಕದಲ್ಲೇ ಲೌಡ್‌ಸ್ಪೀಕರ್ ಕಿರುಚುತ್ತಿತ್ತು. ಅಪ್ಪ ಕಿಟಕಿಯ ಹತ್ತಿರ ಬಗ್ಗಿ ಒಂದು ಮಾತು ಅಂದರು. ಕಾರು ಹೊರಟಿತು. ಇವಳ ಕಿವಿಗೆ ಬಿದ್ದದ್ದು, ‘ಮನೆಗೆ ಬರಬೇಡ.’

‘ಆಮೇಲೆ ಕೇಳಲಿಲ್ವಾ?’ ಅಂದೆ.

‘ಏನಂತ ಕೇಳ್ಲಿ ಅಕ್ಕ? ಬರಬೇಡ ಅಂದ್ರಾ ಅಪ್ಪಾ ಅಂತಾನಾ? ಹೌದು ಅಂದ್ಬಿಟ್ರೆ? ಅವರೂ ಒಂದು ದಿನ ನಮ್ಮ ಮನೆ ಹೊಸ್ತಿಲು ತುಳೀಲಿಲ್ಲ. ಅಲ್ಲಿಗೆ ಖಾತ್ರಿ ಆಯ್ತಲ್ಲ.’ ಕನ್ನಡಕ ತೆಗೆದು ಒರೆಸಿಕೊಂಡಳು. ‘ಮೇಷ್ಟ್ರೇ, ಇದರಲ್ಲಿ ಅಪ್ಪನ ಬಾಯಿ ಇರುತ್ತೆ. ನೋಡಿ ಹೇಳಿ. ಬರಬೇಡ ಅಂದಿಲ್ಲ ಅಂದ್ರೆ ಭಾನುವಾರ ಹೋಗ್ತೀನಿ. ಅಂದಿದ್ರೆ ಇನ್ನು ಈ ಜನ್ಮದಲ್ಲಿ ಹೋಗಲ್ಲ.’

ಕ್ಯಾಸೆಟ್ ಹಾಕಿದೆವು. ನಾನು ಮೊದಲು ಧ್ವನಿಯ ಮೇಲೆ ಕೈ ಮಾಡಿದೆ. ಹಾಡನ್ನು ಇಳಿಸಿದರೆ ಮಾತೂ ಇಳಿಯಿತು, ಮಾತನ್ನು ಎತ್ತಿದರೆ ಹಾಡು ಮೈಮೇಲೆ ಬಂತು. ಆ ಲೌಡ್‌ಸ್ಪೀಕರಿನವನು ಎದುರಿಗೆ ಸಿಕ್ಕಿದ್ದರೆ ಅವನ ಕಿವಿ ಹಿಂಡುತ್ತಿದ್ದೆ. ಕೊನೆಗೆ ಧ್ವನಿ ಪೂರ್ತಿ ಮುಚ್ಚಿ, ಕುರ್ಚಿಯನ್ನು ಚಿಕ್ಕಪ್ಪನಿಗೆ ಬಿಟ್ಟುಕೊಟ್ಟೆ.

ಪರದೆಯ ಮೇಲೆ ಅಪ್ಪ ಬಗ್ಗಿದರು. ಅಯ್ಯೋ ದೇವರೇ, ಎಂಥಾ ಮೀಸೆ! ಮೇಲ್ದುಟಿಯೇ ಇಲ್ಲ, ಬಾಯಿಯ ಎರಡೂ ಮೂಲೆ ಮುಚ್ಚಿಹೋಗಿದೆ.

‘ಹಾಳು ಮೀಸೆ!’ ಅಂತ ಚಿಕ್ಕಪ್ಪ ಮೇಜು ಗುದ್ದಿದರು. ಕೆಳದುಟಿಯೊಂದನ್ನೇ ನೋಡುತ್ತಾ ಹಿಂದೆ ಮುಂದೆ ಓಡಿಸಿದರು. ತುಟಿ ಮೂರು ಸಲ ಮುಚ್ಚಿತು. ‘ಮನೆಗೆ ಬರಬೇಡ. ಮ, ಬ, ಬೇ. ಸರಿಯಾಗಿ ಮೂರು’ ಅಂದರು. ಪುಟ್ಟಿಯ ಮುಖ ಸಣ್ಣಗಾಯಿತು. ‘ತಡಿ ತಡಿ, ಅಳಬೇಡ. ಮನೆ ಮರೀಬೇಡ. ಮ, ಮ, ಬೇ. ಅದೂ ಮೂರೇ. ಮ ಅಂದ್ರೂ ಬ ಅಂದ್ರೂ ತುಟಿ ಒಂದೇ ಥರ ಮುಚ್ಚೋದು. ‘ರೀ’ ಅಂದಿದ್ರೆ ಬಾಯಿ ಪಕ್ಕಕ್ಕೆ ಎಳೀಬೇಕು. ಆ ಜಾಗದಲ್ಲೇ ಈ ಮೀಸೆ ಕೂತಿದೆಯಲ್ಲ!’

ಮನೆಗೆ ಬರಬೇಡ. ಮನೆ ಮರೀಬೇಡ. ಎರಡಕ್ಕೂ ಇರುವ ಅಂತರ ನೋಡಿ. ಚಿಕ್ಕಪ್ಪ ತಾವೇ ಮೈಕಿನ ಮುಂದೆ ನಿಂತು, ಆ ಚಿತ್ರಕ್ಕೆ ಎರಡು ಮಾತನ್ನೂ ಡಬ್ ಮಾಡಿದರು. ಅಷ್ಟು ದೊಡ್ಡ ಮೀಸೆಯ ಒಳಗಿಂದ ಚಿಕ್ಕಪ್ಪನ ಕೀಚಲು ದನಿ ಬಂದದ್ದಕ್ಕೆ ಪುಟ್ಟಿ ಅಳುವಿನ ನಡುವೆಯೂ ಕಿಸಕ್ಕನೆ ನಕ್ಕಳು. ಬರಬೇಡ ಅಂದದ್ದೂ ಕೂತಿತು. ಮರೀಬೇಡ ಅಂದದ್ದೂ ಕೂತಿತು.

ಪುಟ್ಟಿ ನೀರು ಕುಡಿಯಲು ಆಚೆ ಹೋದಾಗ ಚಿಕ್ಕಪ್ಪನ ಮೇಲೆ ಹರಿಹಾಯ್ದೆ. ‘ಮರೀಬೇಡ ಅಂತಾನೇ ಅಂದಿದಾರೆ ಅಂತ ಹೇಳಿಬಿಡಿ. ನಿಮ್ಮ ಗಂಟೇನು ಹೋಗುತ್ತೆ? ಅಕ್ರೋಟನ್ನ ಬಾದಾಮಿ ಮಾಡಿದೋರು ನೀವು!’

‘ಅಳಿಲಿನ ಬಾಯಲ್ಲಿ ಸುಳ್ಳು ಹೇಳಿಸ್ಬಹುದು ಕಣೆ. ಇದು ಅವರಪ್ಪನ ಬಾಯಿ’ ಅಂದರು. ಈ ಮನುಷ್ಯನ ಮೇಲೆ ನನಗೆ ಎಷ್ಟು ಸಿಟ್ಟು ಬರುತ್ತದೋ ಅಷ್ಟೇ ಗೌರವ ಬರುವುದೂ ಇಂಥ ಕಡೆಯೇ.

ಪುಟ್ಟಿ ಬಂದಳು. ಚಿಕ್ಕಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ‘ಎರಡೂ ಕೂರುತ್ತೆ ತಾಯಿ. ತುಟಿ ಹೇಳೋದು ಇಷ್ಟೇ. ಇನ್ನು ಬಾಯಿಯ ಯಜಮಾನರನ್ನೇ ಕೇಳ್ಬೇಕು.’

‘ಹೌದು, ಬರಬೇಡ ಅಂದೆ ಅಂದ್ರೆ?’

‘ಅಂದ್ರೆ ಅಂದ್ರು. ಈಗ್ಲೂ ನೀನು ಹೋಗ್ತಿಲ್ಲ, ಆಗ್ಲೂ ಹೋಗಲ್ಲ. ಹೊಸದಾಗಿ ಏನು ಕಳ್ಕೋತೀಯ?’

ಅವಳು ಚಿಕ್ಕಪ್ಪನನ್ನು ಕೊಂದುಹಾಕುವ ಹಾಗೆ ನೋಡಿದಳು. ಫೋನು ಎತ್ತಿಕೊಂಡು, ಧ್ವನಿಮುದ್ರಣದ ಕೋಣೆಗೆ ಹೋಗಿ, ದಪ್ಪ ಬಾಗಿಲು ಎಳೆದುಕೊಂಡಳು. ಗಾಜಿನಾಚೆ ಅವಳು, ಈಚೆ ನಾವು. ಮಾತಿನ ಹಾಳೆ ಇಡುವ ಸ್ಟ್ಯಾಂಡಿನ ಮೇಲೆ ಫೋನಿಟ್ಟು ಸ್ಪೀಕರ್ ಒತ್ತಿದಳು. ಆ ಕೋಣೆಯ ಮೈಕು ತೆರೆದೇ ಇತ್ತು. ನಾನು ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಯಾರು ಏನಾದರೂ ಅಂದುಕೊಳ್ಳಲಿ, ಆ ಹೊತ್ತಿಗೆ ನನಗೆ ತಡೆಯಲು ಆಗಲಿಲ್ಲ.

‘ಹಲೋ?’ ಅಂತ ದಪ್ಪ ದನಿಯೊಂದು ನಮ್ಮ ದೊಡ್ಡ ಸ್ಪೀಕರುಗಳಲ್ಲಿ ಮೊಳಗಿತು.

ಪುಟ್ಟಿ ಬಾಯಿ ತೆರೆದಳು. ಗಾಬರಿಗೆ ಬಂದದ್ದು ಅಳಿಲಿನ ದನಿ. ‘ಹಲೋ!’

‘ಯಾರು ಮಗು ನೀನು? ನಮ್ಮ ಮಕ್ಕಳಿನ್ನೂ ಸ್ಕೂಲಿಂದ ಬಂದಿಲ್ಲ ಕಣಮ್ಮ. ಆಮೇಲೆ ಮಾಡು.’

ಚಿಕ್ಕಪ್ಪ ಬಾಯಿಗೆ ಕರ್ಚೀಫು ತುರುಕಿಕೊಂಡರು. ಒಳಗೆ ಪುಟ್ಟಿ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ‘ಅಪ್ಪಾ, ನಾನು’ ಅಂದಳು.

‘ಹೂಂ’ ಅಂದರು ಅವರು.

‘ನನ್ನ ಮದುವೆ ದಿನ, ಕಾರ್ ಹತ್ರ ಬಗ್ಗಿ ಒಂದು ಮಾತು ಅಂದ್ರಲ್ಲ. ಏನಂದ್ರಿ?’

‘ಈಗ್ಯಾಕೆ ಅದು? ನೀನಂತೂ ಕೇಳಲಿಲ್ವಲ್ಲ.’

‘ಏನಂದ್ರಿ ಅಪ್ಪ?’

‘ಬ್ಯಾಗ್ ಮರೀಬೇಡ ಅಂದೆ.’

ಚಿಕ್ಕಪ್ಪ ಬೆರಳು ಮಡಚಿದರು. ಬ್ಯಾ, ಮ, ಬೇ. ಮೂರು. ಹಣೆ ಹಣೆ ಚಚ್ಚಿಕೊಂಡರು.

‘ಬ್ಯಾಗಾ?’ ಅಂದಳು ಪುಟ್ಟಿ.

‘ಹೂಂ. ಡಿಕ್ಕಿ ಪಕ್ಕದಲ್ಲೇ ಇಟ್ಟಿದ್ದೆ. ನೀನು ಮುಖ ತಿರುಗಿಸ್ಕೊಂಡೆ, ಕಾರು ಹೋಯ್ತು. ಬಾಡಿಗೆ ಮನೇಲಿ ಏನಿರುತ್ತೋ ಏನಿಲ್ವೋ ಅಂತ ಸ್ಕ್ರೂಡ್ರೈವರು, ಸುತ್ತಿಗೆ, ಎರಡು ಬಲ್ಬು, ಹಗ್ಗ, ಎಲ್ಲಾ ನಾನೇ ಹಾಕಿದ್ದೆ. ಅಪ್ಪ ಕೊಟ್ಟಿದ್ದು ಬೇಡ ಅಂತ ಬಿಟ್ಟು ಹೋದಳು ಅಂದ್ಕೊಂಡೆ. ಬೇಡ ಅಂದೋರ ಮನೆ ಬಾಗಿಲಿಗೆ ಹೇಗೆ ಬರೋದು?’

‘ಅಪ್ಪಾ, ನನಗೆ... ಮನೆಗೆ ಬರಬೇಡ ಅಂತ ಕೇಳಿಸ್ತು.’

ನನ್ನ ಕಣ್ಣು ಮಂಜಾಗಿ ಮೇಜಿನ ಮೇಲಿನ ದೀಪಗಳೆಲ್ಲ ಕಲಸಿಹೋದವು.

‘ಹುಚ್ಚಿ,’ ಅಂದರು ಅವರು. ದನಿ ಒಡೆದಿತ್ತು. ‘ಯಾವ ಅಪ್ಪನಾದ್ರೂ ಹಾಗಂತಾನೇನೆ?’

ಪುಟ್ಟಿ ಮೈಕಿನ ಕಂಬ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆ ಕಡೆಯಿಂದ ಅವರು ಮೂಗು ಸೀಟಿದ್ದು, ಕುರ್ಚಿ ಎಳೆದದ್ದು, ಬೀರು ತೆಗೆದದ್ದು, ಜಿಪ್ಪು ಸರ್ರನೆ ಬಿಚ್ಚಿದ್ದು ಎಲ್ಲ ನಮಗೆ ಕೇಳಿಸಿತು.

‘ಅಳಬೇಡ. ಬ್ಯಾಗು ಇಲ್ಲೇ ಇದೆ. ಇದರೊಳಗೆ ಒಂದು ಟಾರ್ಚೂ ಇಟ್ಟಿದ್ದೆ. ಸೆಲ್ಲು ಹಾಗೇ ಬಿಟ್ರೆ ಸೋರಿ ಟಾರ್ಚು ಹಾಳಾಗುತ್ತೆ ನೋಡು, ಅದಕ್ಕೆ ವರ್ಷಾ ವರ್ಷಾ ಹೊಸ ಸೆಲ್ಲು ಹಾಕಿಡ್ತಿದೀನಿ. ಯಾವತ್ತು ಬಂದು ತಗೊಂಡು ಹೋಗ್ತೀಯೋ ಗೊತ್ತಿರಲಿಲ್ವಲ್ಲ.’

ಭಾನುವಾರಕ್ಕೆ ಇನ್ನೂ ಎಷ್ಟೋ ದಿನವಿತ್ತು. ಪುಟ್ಟಿ ಬಾಗಿಲು ದೂಡಿಕೊಂಡು ಹೊರಗೆ ಬಂದವಳು ನಮ್ಮ ಕಡೆ ತಿರುಗಿಯೂ ನೋಡದೆ, ‘ಬಂದೆ ಅಪ್ಪ, ಬಂದೆ’ ಅಂತ ಫೋನಿಗೆ ಹೇಳುತ್ತಲೇ ಮೆಟ್ಟಿಲಿಳಿದಳು.