ನಾಲಿಗೆ ಎತ್ತಿಸುತ್ತಿದ್ದ ಹಾಲಮ್ಮ ಸಿಸ್ಟರ್

ಹಾಲಮ್ಮ ಸಿಸ್ಟರ್ ಕೊಟ್ಟ ಗುಳಿಗೆಯನ್ನು ನುಂಗದೆ ಪಾರಾದ ಮಗು ನಮ್ಮ ಶಾಲೆಯಲ್ಲಿ ಇರಲಿಲ್ಲ. ಬಿಸಿಯೂಟ ಮುಗಿದ ಮೇಲೆ ಮಕ್ಕಳನ್ನು ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿ, ರಕ್ತಹೀನತೆಗೆ ಸರ್ಕಾರ ಕೊಡುವ ಗುಳಿಗೆಯನ್ನು ಒಬ್ಬೊಬ್ಬರ ಅಂಗೈಗೆ ಹಾಕಿ, ನೀರು ಕುಡಿಸಿ, ಸೊಂಟದ ಮೇಲೆ ಕೈಯಿಟ್ಟು ಎದುರು ನಿಲ್ಲುತ್ತಿದ್ದರು. "ಬಾಯಿ ತೆಗಿ. ಆ ಅನ್ನು. ಈಗ ನಾಲಿಗೆ ಎತ್ತು." ಕೆಲವು ಚಾಲಾಕಿ ಹುಡುಗಿಯರು ನಾಲಿಗೆಯಡಿ ಗುಳಿಗೆ ಬಚ್ಚಿಟ್ಟುಕೊಂಡು, ಸಿಸ್ಟರ್ ಅತ್ತ ಹೋದೊಡನೆ ಬೇಲಿಯಾಚೆ ಉಗುಳುವ ಹುನ್ನಾರದಲ್ಲಿರುತ್ತಿದ್ದರು. ಅದು ಇವರ ಮುಂದೆ ನಡೆಯುತ್ತಿರಲಿಲ್ಲ. "ಗುಳಿಗೆ ಕೊಡೋದು ಅರ್ಧ ಕೆಲ್ಸ ಮೇಷ್ಟ್ರೇ, ಗಂಟ್ಲಾಗೆ ಇಳಿಯೋದು ನೋಡೋದು ಇನ್ನರ್ಧ" ಎಂದು ನನ್ನ ಕಡೆ ತಿರುಗಿ ಹೇಳುತ್ತಿದ್ದರು.

ನಾನಾಗ ಜಗಳೂರಿನಲ್ಲಿ ಮನೆ ಮಾಡಿ, ಸೊಕ್ಕೆ ಕಡೆಯ ಒಂದು ಹಳ್ಳಿಯ ಶಾಲೆಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಹಾಲಮ್ಮ ಅದೇ ಹಳ್ಳಿಯ ಆರೋಗ್ಯ ಉಪಕೇಂದ್ರದ ನರ್ಸು. ಊರು ಹೊನ್ನಾಳಿ. ಗಂಡ ತೀರಿಹೋಗಿದ್ದರು, ಮಗಳು ಕವಿತ ಹೊನ್ನಾಳಿಯಲ್ಲಿ ಅಜ್ಜಿಯ ಹತ್ತಿರ ಓದುತ್ತಿದ್ದಳು. ಕಟ್ಟುಮಸ್ತಾದ ಮೈ, ಹಣೆ ತುಂಬ ಕುಂಕುಮದ ಬದಲು ಸಣ್ಣ ಕಪ್ಪು ಬೊಟ್ಟು, ಸದ್ದು ಮಾಡುವ ಹಳೆಯ ಸ್ಕೂಟಿ. ಆ ಸದ್ದು ಕೇಳಿದರೆ ಊರಿನ ಅರ್ಧ ಜನ ಗುಳಿಗೆ ನುಂಗಿದವರ ಹಾಗೆ ಮುಖ ಮಾಡುತ್ತಿದ್ದರು. ಟಿ.ಬಿ. ಬಂದಿದ್ದ ಬಸಣ್ಣಜ್ಜ ಒಮ್ಮೆ ತಪ್ಪಿಸಿಕೊಂಡು ಹೊಲಕ್ಕೆ ಹೋದರೆ ಇವರು ಬದುವಿನ ಮೇಲೆ ಸ್ಕೂಟಿ ಓಡಿಸಿಕೊಂಡು ಅಲ್ಲಿಗೂ ಹೋದರು. "ಯವ್ವಾ, ಬಾಯಾಗೆ ಒಂದು ಹಲ್ಲಿಲ್ಲ, ಏನು ನೋಡ್ತೀಯ?" ಎಂದು ಅಜ್ಜ ಗೋಗರೆದರೆ, "ಹಲ್ಲಿಲ್ಲ ಅಂದ್ರೆ ಬಚ್ಚಿಡಾಕೆ ಜಾಗ ಜಾಸ್ತಿ ಅಜ್ಜ, ಎತ್ತು ನಾಲಿಗೆ" ಅಂದರಂತೆ. ಅಜ್ಜ ಗುಣವಾಗಿ, ಅವರಿಗೆ ಒಂದು ಚೀಲ ಶೇಂಗಾ ತಂದುಕೊಟ್ಟ.

ನನಗೆ ಭಯದ ಕಾಯಿಲೆ ಶುರುವಾದದ್ದು ಅದೇ ಕಾಲಕ್ಕೆ. ಅದು ಕಾಯಿಲೆ ಎಂದು ನನಗೇ ಗೊತ್ತಿರಲಿಲ್ಲ. ಬೆಳಗಿನ ಪ್ರಾರ್ಥನೆಗೆ ಮಕ್ಕಳ ಮುಂದೆ ನಿಂತರೆ ಎದೆ ನಗಾರಿ ಹೊಡೆದಂತೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು, ಈಗ ಸತ್ತೆ ಅನಿಸುತ್ತಿತ್ತು. ಬಸ್ ಹತ್ತುವುದೇ ಕಷ್ಟವಾಯಿತು. ಇ.ಸಿ.ಜಿ. ಮಾಡಿದವರು ಹಾರ್ಟ್ ಚೆನ್ನಾಗಿದೆ ಎಂದರು. ನಮ್ಮ ಕಡೆ ಎಲ್ಲ ರೋಗಕ್ಕೂ ಗ್ಯಾಸ್ ಎಂಬ ಒಂದೇ ಹೆಸರಿದೆ. ಹಾಗಾಗಿ ಕಂಡಕಂಡವರೆಲ್ಲ ಸೋಡಾ ಕುಡಿಸಿದರು. ನನ್ನ ಮಾವ ತಾಯತ ಕಟ್ಟಿಸಿದರು. ಕೊನೆಗೆ ಹೆಂಡತಿ ಸುಧಾ ಹಟ ಹಿಡಿದು ದಾವಣಗೆರೆಗೆ ಕರೆದೊಯ್ದಳು. ಅಲ್ಲಿನ ಮನೋವೈದ್ಯರು ಸಮಾಧಾನವಾಗಿ ಎಲ್ಲ ಕೇಳಿ, ಇದು ಆತಂಕದ ಕಾಯಿಲೆ, ವಾಸಿಯಾಗುತ್ತದೆ ಎಂದು ಹೇಳಿ ಗುಳಿಗೆ ಬರೆದುಕೊಟ್ಟರು.

ಗುಳಿಗೆ ನನ್ನ ಕೈಚೀಲದ ತಳದಲ್ಲೇ ಉಳಿಯಿತು. ದಿನಾ ತೆಗೆದು ನೋಡುತ್ತಿದ್ದೆ, ಮತ್ತೆ ಒಳಗಿಡುತ್ತಿದ್ದೆ. ಒಮ್ಮೆ ಶುರುಮಾಡಿದರೆ ಜೀವನಪೂರ್ತಿ ಬಿಡಲಾಗದಂತೆ, ಮಂಕು ಹಿಡಿಯುತ್ತದಂತೆ ಎಂದು ಯಾರ್‍ಯಾರೋ ಹೇಳಿದ್ದು ತಲೆಯಲ್ಲಿ ಕೂತಿತ್ತು.

ಒಂದು ದಿನ ನಲ್ಲಿಯ ಹತ್ತಿರ ನಾನು ಗುಳಿಗೆ ತೆಗೆದು ನೋಡಿ ಮತ್ತೆ ಚೀಲಕ್ಕೆ ಹಾಕುವುದನ್ನು ಸಿಸ್ಟರ್ ಕಂಡುಬಿಟ್ಟರು. ಬಿಡುವ ಪೈಕಿ ಅಲ್ಲ ಅವರು. ಬಿಸಿಯೂಟದ ಕೋಣೆಯ ಹಿಂದೆ ಕರೆದೊಯ್ದು ಎಲ್ಲ ಬಾಯಿಬಿಡಿಸಿದರು.

"ತಲೆ ಕೆಟ್ಟೋರಿಗೆ ಕೊಡೋ ಗುಳಿಗೆ ಅಂತಾರೆ ಸಿಸ್ಟರ್. ಊರಾಗೆ ಗೊತ್ತಾದ್ರೆ ಯಾರು ನನ್ನ ತಾವ ಮಕ್ಕಳ್ನ ಕಳಿಸ್ತಾರೆ?" ಎಂದೆ.

"ಹೆಡ್ ಮೇಷ್ಟ್ರು ಬಿ.ಪಿ. ಗುಳಿಗೆ ನುಂಗ್ತಾರೆ, ಅವರ ತಾವ ಕಳಿಸ್ತಾರಲ್ಲ? ನೋಡ್ರಿ, ತಗೊಳ್ಳೋದು ಬಿಡೋದು ನಿಮ್ಮಿಷ್ಟ. ಆದ್ರೆ ಹೆದರ್ಕೊಂಡು ಬಿಡಬ್ಯಾಡ್ರಿ. ಅನುಮಾನ ಇದ್ರೆ ಸೋಡಾ ಅಂಗಡಿಯೋನ್ನ ಕೇಳಬ್ಯಾಡ್ರಿ, ಬರೆದುಕೊಟ್ಟ ಡಾಕ್ಟರ್‍ನ ಕೇಳ್ರಿ."

ಮತ್ತೆ ದಾವಣಗೆರೆಗೆ ಹೋಗಿ ಮನಸ್ಸಿನಲ್ಲಿದ್ದದ್ದನ್ನೆಲ್ಲ ಕೇಳಿದೆ. ಗುಣ ಕಾಣಲು ಕೆಲವು ವಾರ ಬೇಕು, ಮೊದಮೊದಲು ಹೊಟ್ಟೆ ತೊಳಸಬಹುದು, ಎಷ್ಟು ಕಾಲ ಬೇಕೆಂದು ನೋಡುತ್ತ ಹೋಗೋಣ, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ ಎಂದರು ವೈದ್ಯರು. ಮರುದಿನ ಬೆಳಿಗ್ಗೆ ಶಾಲೆಯ ಹಿಂದೆ ಸ್ಕೂಟಿಯ ಸದ್ದಾಯಿತು. ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ನಾನು ಗುಳಿಗೆ ನುಂಗಿದೆ.

"ನಾಲಿಗೆ ಎತ್ರಿ ಮೇಷ್ಟ್ರೇ."

ಮೀಸೆ ಹೊತ್ತ ಗಂಡಸು ಬೇವಿನ ಮರದ ಕೆಳಗೆ ನಿಂತು ನಾಲಿಗೆ ಎತ್ತಿದೆ. ಆಮೇಲೂ ಬಹಳ ದಿನ ಎತ್ತಿದೆ. ಮೊದಲು ವಾಕರಿಕೆ ಬಂತು, ಬಾಯಿ ಒಣಗಿತು, ಬಿಟ್ಟುಬಿಡಲೇ ಅನಿಸಿತು. ಒಂದು ಸಂಜೆ ಬಸ್ಸಿನಲ್ಲಿ ಕಂಡಕ್ಟರನ ಜೊತೆ ಚಿಲ್ಲರೆಗಾಗಿ ಜಗಳ ಮಾಡುತ್ತಿದ್ದೆ. ಜಗಳೂರು ಬಂದಾಗಲೇ ನೆನಪಾದದ್ದು, ದಾರಿಯುದ್ದಕ್ಕೂ ನನ್ನ ಎದೆಯ ಕಡೆ ಗಮನವೇ ಹೋಗಿರಲಿಲ್ಲ. ಮನೆಗೆ ಬಂದು ಸುಧಾಳ ಮುಂದೆ ಅತ್ತೆ.

ಆ ಖುಷಿಗೆ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಉಪಕೇಂದ್ರಕ್ಕೆ ಹೋದೆ. ಅಂದು ಲಸಿಕೆಯ ದಿನ. ಸಿಸ್ಟರ್ ಲಸಿಕೆಯ ಸೀಸೆಯ ಮೇಲಿನ ಹೆಸರನ್ನು ಜೋರಾಗಿ ಓದಿದರು. ಮತ್ತೆ ಓದಿದರು. ಬೆಳಕಿಗೆ ಹಿಡಿದು ಮತ್ತೂ ಓದಿದರು. ಕೂಸಿಗೆ ಚುಚ್ಚಿ ಮುಗಿದ ಮೇಲೆ ತೊಟ್ಟಿಗೆ ಹಾಕಿದ ಖಾಲಿ ಸೀಸೆಯನ್ನು ಎತ್ತಿ ಇನ್ನೊಮ್ಮೆ ಓದಿದರು. ಅವರ ಮೇಲ್ತುಟಿ ಬೆವರಿತ್ತು. ಆ ಬೆವರು ನನಗೆ ಚೆನ್ನಾಗಿ ಗೊತ್ತಿದ್ದ ಬೆವರು.

ತಾಯಂದಿರೆಲ್ಲ ಹೋದ ಮೇಲೆ ಬೆಂಚಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತ ತಾವಾಗೇ ಹೇಳಿದರು. ಹಿಂದೆ ಚನ್ನಗಿರಿ ತಾಲೂಕಿನಲ್ಲಿದ್ದಾಗ ಅವರು ಸೂಜಿ ಹಾಕಿದ ಒಂದು ಕೂಸು ಮರುದಿನ ತೀರಿಕೊಂಡಿತ್ತು. ಅದಕ್ಕೆ ಹುಟ್ಟಿನಿಂದಲೇ ಹೃದಯದ ತೊಂದರೆ ಇತ್ತು, ಸೂಜಿಗೂ ಸಾವಿಗೂ ಸಂಬಂಧವಿಲ್ಲ ಎಂದು ದೊಡ್ಡ ಡಾಕ್ಟರುಗಳು ಪರೀಕ್ಷೆ ಮಾಡಿ ಹೇಳಿದರು. ಕೂಸಿನ ತಾಯಿಯೂ ನಂಬಿದಳು. ಹಾಲಮ್ಮ ನಂಬಲಿಲ್ಲ. ಅಂದಿನಿಂದ ಎದೆ ಡವಡವ. ಅವರಿಗೂ ಡಾಕ್ಟರು ಗುಳಿಗೆ ಬರೆದುಕೊಟ್ಟಿದ್ದರು.

"ತಗೊಂಡಿಲ್ಲ ಮೇಷ್ಟ್ರೇ."

"ಅಲ್ಲ ಸಿಸ್ಟರ್, ನನಗೆ ಅಷ್ಟೆಲ್ಲ ಹೇಳಿ ನೀವೇ..."

"ನಿಮ್ದು ಬ್ಯಾರೆ. ನೀವು ಪಾಠ ತಪ್ಪಿದ್ರೆ ನಾಳೆ ತಿದ್ದಬೋದು. ನನ್ನ ಕೈಯಾಗೆ ಸೂಜಿ ಐತೆ. ಈ ಭಯ ಐತಲ್ಲ, ಅದೇ ನನ್ನ ಕೈ ಕಾಯ್ತೈತೆ. ಗುಳಿಗೆ ನುಂಗಿ ಭಯ ಹೋತು ಅಂದ್ರೆ, ಸೀಸೆ ಮ್ಯಾಲಿನ ಹೆಸ್ರು ಓದಾಕೆ ನನಗೆ ಯಾರು ನೆನಪು ಮಾಡ್ತಾರೆ?"

ಹೆಸರು ಓದುವುದು ನಿಮ್ಮ ಅಭ್ಯಾಸ, ಭಯ ಬಂದದ್ದು ಆಮೇಲೆ ಎಂದು ಹೇಳಿ ನೋಡಿದೆ. ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟು, ಬಾಯಿ ತೆಗೀರಿ ಎಂದು ತಮಾಷೆಯನ್ನೂ ಮಾಡಿದೆ. "ನನ್ನ ನಾಲಿಗೆ ಎತ್ತಿಸೋಷ್ಟು ದೊಡ್ಡೋರಾದ್ರಾ?" ಎಂದು ನಕ್ಕು ಮಂಡಕ್ಕಿಯ ಪೊಟ್ಟಣ ನನ್ನ ಕಡೆ ತಳ್ಳಿದರು.

ಮುಂದೆ ಅವರಿಗೆ ಹೊನ್ನಾಳಿ ಕಡೆಗೆ ವರ್ಗವಾಯಿತು. ಫೋನಿನಲ್ಲಿ "ಗುಳಿಗೆ ಆತಾ?" ಎಂದೇ ಮಾತು ಶುರುಮಾಡುತ್ತಿದ್ದರು. ನಿಮ್ಮದು ಎಂದು ಕೇಳಿದರೆ ಕವಿತಳ ಮದುವೆಯ ವಿಷಯ ತೆಗೆಯುತ್ತಿದ್ದರು. ಬರಬರುತ್ತ ಕರೆ ಕಡಿಮೆಯಾಯಿತು. ಆಮೇಲೆ ಕವಿತಳೇ ಫೋನ್ ಮಾಡಿ, ಅಮ್ಮ ನೌಕರಿ ಬಿಟ್ಟುಬಿಟ್ಟಳು ಎಂದಳು. ಒಂದು ಕೂಸಿನ ತೊಡೆ ಹಿಡಿದುಕೊಂಡು ಸೂಜಿ ಚುಚ್ಚಲಾಗದೆ ಹಾಗೇ ಕೂತುಬಿಟ್ಟಿದ್ದರಂತೆ. ಯಾವ ಭಯ ತಮ್ಮ ಕೈಯನ್ನು ಕಾಯುತ್ತದೆ ಅಂದಿದ್ದರೋ ಅದೇ ಅವರ ಕೈ ಕಟ್ಟಿಹಾಕಿತ್ತು. ನನಗೆ ಬಹಳ ಸಂಕಟವಾಯಿತು, ಸಿಟ್ಟೂ ಬಂತು.

ನ್ಯಾಮತಿಯಲ್ಲಿರುವ ಸುಧಾಳ ತಂಗಿಯ ಮನೆಗೆ ಹೋದಾಗ, ಹತ್ತಿರವೇ ಅಲ್ಲವೇ ಎಂದು ಹೊನ್ನಾಳಿಗೆ ಹೋಗಿಬಂದೆ. ಹಗಲಲ್ಲೂ ಬಾಗಿಲಿಗೆ ಚಿಲಕ ಹಾಕಿತ್ತು. ಸಿಸ್ಟರ್ ಅರ್ಧ ಆಗಿದ್ದರು. ಸ್ಕೂಟಿಯ ಮೇಲೆ ಹಳೆಯ ಸೀರೆ ಹೊದಿಸಿತ್ತು. ಕವಿತ ಅವರನ್ನು ಮತ್ತೆ ಡಾಕ್ಟರ ಹತ್ತಿರ ಕರೆದೊಯ್ದಿದ್ದಳು. "ದಿನಾ ನಾನೇ ಕೊಡ್ತೀನಿ ಸರ್. ನುಂಗ್ತಾಳೆ. ಆದ್ರೂ ಗುಣ ಕಾಣವಲ್ದು" ಎಂದು ಹೇಳಿ ನನ್ನೆದುರೇ ಗುಳಿಗೆ, ನೀರು ಕೊಟ್ಟು ಚಹಾ ಮಾಡಲು ಒಳಗೆ ಹೋದಳು. ಸಿಸ್ಟರ್ ನೀರು ಕುಡಿದು ಲೋಟ ಕೆಳಗಿಟ್ಟರು. ನಾನು ಎದ್ದು ಅವರ ಮುಂದೆ ನಿಂತೆ.

"ನಾಲಿಗೆ ಎತ್ರಿ ಸಿಸ್ಟರ್."

ಅವರು ನನ್ನನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ, ನಿಧಾನವಾಗಿ ಬಾಯಿ ತೆರೆದು ನಾಲಿಗೆ ಎತ್ತಿದರು. ಕೆಳಗೆ ಬಿಳಿಯ ಗುಳಿಗೆ ಇನ್ನೂ ಕರಗದೆ ಇತ್ತು. ಅದನ್ನು ಅಂಗೈಗೆ ತೆಗೆದುಕೊಂಡು ಮುಷ್ಟಿ ಮುಚ್ಚಿದರು. ಕಣ್ಣಲ್ಲಿ ನೀರು ಬಂತು.

"ಕವಿತಂಗೆ ಹೇಳಬ್ಯಾಡ್ರಿ."

"ಹೇಳ್ತೀನಿ ಸಿಸ್ಟರ್. ನೀವು ನನ್ನ ಬಿಟ್ರಾ? ನಾನು ಹೆಂಗೆ ಬಿಡ್ಲಿ? ಈಗ ಕೈಯಾಗೆ ಸೂಜಿನೂ ಇಲ್ಲ, ಇನ್ನ ಯಾಕೆ ಕಾಯ್ಕೊಂಡಿದೀರಿ ಈ ಭಯಾನ?"

"ಆ ಕೂಸಿಗೆ ಅಂತ ನನ್ನ ತಾವ ಉಳ್ದಿರೋದು ಇದೊಂದೇ ಮೇಷ್ಟ್ರೇ. ಇದೂ ಹೋದ್ರೆ ಅದನ್ನ ನೆನೆಯೋರು ಯಾರದಾರೆ?"

ಹೊರಡುವಾಗ ಕವಿತಳಿಗೆ ಎಲ್ಲ ಹೇಳಿದೆ. ಡಾಕ್ಟರಿಗೆ ಗುಳಿಗೆಯ ವಿಷಯವನ್ನಷ್ಟೇ ಅಲ್ಲ, ಕೂಸಿನ ವಿಷಯವನ್ನೂ ತಿಳಿಸು ಎಂದೆ. ಡಾಕ್ಟರು ಬರಲು ಹೇಳಿದ್ದ ದಿನಕ್ಕೆ ಇನ್ನೂ ವಾರ ಬಾಕಿಯಿತ್ತು. ಅಷ್ಟರಲ್ಲಿ ಅವಳ ಫೋನ್ ಬಂತು. ಬೆಳಿಗ್ಗೆಯಿಂದ ಸಿಸ್ಟರ್ ಎದೆ ಹಿಡಿದುಕೊಂಡು ಕೂತಿದ್ದರಂತೆ. ಆಸ್ಪತ್ರೆಗೆ ಹೋಗೋಣ ಅಂದರೆ, "ಅದೇ ಭಯ ಕಣೇ, ಬಂದಂಗೆ ಹೋಗ್ತೈತೆ" ಅಂದರಂತೆ. ಈ ಸಲ ಅದು ಭಯವಾಗಿರಲಿಲ್ಲ, ಹೃದಯಾಘಾತವಾಗಿತ್ತು.

ಹೊನ್ನಾಳಿಗೆ ಹೋದಾಗ ಅಂಗಳದಲ್ಲಿ ಮಲಗಿಸಿದ್ದರು. ಬಂದವರೆಲ್ಲ ಸಾಲಾಗಿ ಹೋಗಿ ಬಾಯಿಗೆ ನೀರು ಬಿಡುತ್ತಿದ್ದರು. ನನ್ನ ಸರದಿಯೂ ಬಂತು. ಬಾಯಿ ಒಂಚೂರು ತೆರೆದಿತ್ತು. ಬಿಟ್ಟ ನೀರು ಒಳಗೆ ಇಳಿಯದೆ ಗಲ್ಲದ ಮೇಲೆ ಹರಿಯಿತು. ಕವಿತ ಸೆರಗಿನಿಂದ ಒರೆಸಿದಳು.

ಮರುದಿನ ಬೆಳಿಗ್ಗೆ ಜಗಳೂರಿನ ಮನೆಯಲ್ಲಿ ನನ್ನ ಗುಳಿಗೆ ನುಂಗಿ, ನೀರು ಕುಡಿದು, ಅಭ್ಯಾಸಬಲದಿಂದ ನಾಲಿಗೆ ಎತ್ತಿದೆ. ಎದುರು ನಿಂತು ನೋಡುವವರು ಯಾರೂ ಇರಲಿಲ್ಲ.