ಗುಂಗಣ್ಣನ ರೂಮು, ಭಾವನ ಆನೆ

ಗುಂಗಣ್ಣನಿಗೆ ಆ ಹೆಸರಿಟ್ಟವಳು ಅವನ ಅಕ್ಕ. ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು, ಅದು ಈಗ ಕಚೇರಿ ಕಾಗದಗಳಿಗೆ ಮಾತ್ರ ಗೊತ್ತು. ಊಟಕ್ಕೆ ಕೂತರೆ ಬೆರಳು ತಟ್ಟೆಯ ಅಂಚನ್ನು ಕುಟ್ಟುತ್ತಿರುತ್ತದೆ. ಹತ್ತಾರು ಸಲ ಕರೆದರೆ ಒಮ್ಮೆ ತಿರುಗುತ್ತಾನೆ. ತಿರುಗಿದ ಮೇಲೂ ನಮ್ಮ ಮಾತು ಕೇಳುತ್ತಾನೆಂದಲ್ಲ, ನಮ್ಮ ಬೆನ್ನ ಹಿಂದೆ ಎಲ್ಲೋ ಕಿರುಗುಟ್ಟುವ ಬಾಗಿಲಿಗೆ ಕಿವಿ ಕೊಟ್ಟಿರುತ್ತಾನೆ. ನಲವತ್ತು ದಾಟಿದ ಗಂಡಸು ಹೀಗಿದ್ದರೆ ಬೇರೆ ಮನೆಗಳಲ್ಲಿ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ಅಕ್ಕ ಅವನ ಕೈಗೆ ಇಸ್ತ್ರಿ ಪೆಟ್ಟಿಗೆ ಕೊಟ್ಟಳು.

ಅಕ್ಕ ಮತ್ತು ಭಾವನದು ಲಾಂಡ್ರಿ. ಬೀದಿಗೆ ಮುಖ ಮಾಡಿದ ಗಾಜಿನ ಬಾಗಿಲು, ಒಳಗೆ ಸಾಲಾಗಿ ಬಟ್ಟೆ ಒಗೆಯುವ ಯಂತ್ರಗಳು, ಗೋಡೆಯುದ್ದಕ್ಕೂ ಚೀಟಿ ಸಿಕ್ಕಿಸಿದ ಬಟ್ಟೆಯ ಗಂಟುಗಳು. ಮೂಲೆಯಲ್ಲಿರುವ ಹಳೆಯ ದೊಡ್ಡ ಯಂತ್ರವನ್ನು ಮನೆಯವರೆಲ್ಲ ಆನೆ ಎನ್ನುತ್ತಾರೆ, ಕಂಬಳಿ ಹೊದಿಕೆಗಳೆಲ್ಲ ಅದರ ಹೊಟ್ಟೆಗೇ ಹೋಗುವುದು. ಬೆಳಿಗ್ಗೆ ಗುಂಗಣ್ಣ ಅಲ್ಲಿ ಅಂಗಿಗಳಿಗೆ ಇಸ್ತ್ರಿ ಹಾಕುತ್ತಾನೆ, ಸಂಜೆ ಮನೆಮನೆಗೆ ಬಟ್ಟೆ ತಲುಪಿಸುತ್ತಾನೆ. ನಡುವಿನ ಹೊತ್ತು ಅವನದು. ಆಗ ಮೆಟ್ಟಿಲು ಹತ್ತಿ, ಲಾಂಡ್ರಿಯ ಮೇಲಿನ ರೂಮು ಸೇರಿ, ಬಾಗಿಲು ಹಾಕಿಕೊಂಡನೆಂದರೆ ಅವನು ಎಲೆಕ್ಟ್ರಾನಿಕ್ ಸಂಗೀತ ನಿರ್ಮಾಪಕ. ಈ ಮಾತನ್ನು ಹೇಳುವಾಗ ಅವನ ಎದೆ ಸ್ವಲ್ಪ ಮುಂದೆ ಬರುತ್ತದೆ. ಭಾವನ ಲೆಕ್ಕದಲ್ಲಿ ಅದು ಮೇಲೆ ಹೋಗಿ ಕುಂಯ್ ಕುಂಯ್ ಅನ್ನಿಸುವ ಕೆಲಸ.

ಆ ರೂಮಿನ ಸಂಸಾರವನ್ನು ಒಮ್ಮೆ ನೋಡಬೇಕು. ಕಿಟಕಿಯ ಕೆಳಗೆ ಮುರುಕು ಟೇಬಲ್ಲು. ಅದರ ಮೇಲೆ, ಬ್ಯಾಂಡ್ ಬಿಟ್ಟು ಹೋಟೆಲಿಟ್ಟ ಯಾರೋ ಮಾರಿದ ಸಿಂಥಸೈಜರ್. ಅದರ ಒಂದು ಕೀ ಒತ್ತಿದರೆ ಒತ್ತಿದಂತೆಯೇ ಮಲಗುತ್ತದೆ, ಚಮಚದ ತುದಿಯಿಂದ ಎಬ್ಬಿಸಬೇಕು. ಪಕ್ಕದಲ್ಲಿ ಗುಂಡಿಗಳು ಉದುರಿಹೋದ ಡ್ರಮ್ ಮಷೀನು, ಪೆನ್ಸಿಲ್ಲಿನಿಂದ ಚುಚ್ಚಿದರಷ್ಟೇ ಬಾರಿಸುತ್ತದೆ. ಯಾರಾದರೂ ಜೋರಾಗಿ ಕೆಮ್ಮಿದರೆ ಒಂದು ಕಡೆಯ ಸದ್ದನ್ನೇ ನುಂಗುವ ಮಿಕ್ಸರ್. ಇಟ್ಟಿಗೆಗಳ ಮೇಲೆ ಕೂತ ಎರಡು ಸ್ಪೀಕರು. ನೆಲದ ತುಂಬ ತಂತಿಗಳು. ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಗುಂಗಣ್ಣನಿಗೂ ಖಚಿತವಿಲ್ಲ, ಒಂದನ್ನು ಕಿತ್ತಾಗ ಏನೂ ನಿಲ್ಲದಿದ್ದರೆ ಹೆದರಿ ಮತ್ತೆ ಸಿಕ್ಕಿಸುತ್ತಾನೆ. ಸದ್ದು ಹೀರಲೆಂದು ಗೋಡೆ ತುಂಬ ಮೊಟ್ಟೆಯ ಟ್ರೇ ಅಂಟಿಸಿದ್ದಾನೆ. ಅವು ಈವರೆಗೆ ಹೀರಿರುವುದು ಧೂಳು. ಮೂಲೆಯಂಗಡಿಯವನು ಮಾತ್ರ, ಆ ಮನೆಯವರು ತಿನ್ನುವ ಮೊಟ್ಟೆಯೇ ಮೊಟ್ಟೆ ಎಂದು ಬೀದಿಗೆಲ್ಲ ಸಾರಿದ್ದಾನೆ.

ಈಚೆಗೆ ಏನು ಕೇಳುತ್ತಿದ್ದೀಯಪ್ಪ ಎಂದು ಅವನನ್ನು ಯಾರೂ ಕೇಳಬಾರದು. ಕೇಳಿದವರು ಅವತ್ತು ಮನೆ ಸೇರುವುದಿಲ್ಲ. ಈಗ ಅವನು ಹಿಮ ಬೀಳುವ ದೇಶದ ಮುದುಕಿಯೊಬ್ಬಳ ಧ್ವನಿಮುದ್ರಿಕೆಗೆ ಮರುಳಾಗಿದ್ದಾನೆ. ಅದರಲ್ಲಿರುವುದು ಒಂದೇ ಸ್ವರ, ಅದು ಬಲು ನಿಧಾನಕ್ಕೆ ದಪ್ಪವಾಗುತ್ತದೆ. ಅಕ್ಕ ಒಮ್ಮೆ ಬಾಗಿಲಲ್ಲಿ ನಿಂತು, ಹಾಡು ಯಾವಾಗ ಶುರುವಾಗುತ್ತದೆ ಎಂದು ಕೇಳಿದಳು. ಮುಗಿಯುತ್ತಾ ಬಂತು ಎಂದ. ಮುದುಕಿಯನ್ನು ಬಿಟ್ಟರೆ ಪಕ್ಕದ ಕಟ್ಟಡದ ಲಿಫ್ಟು, ಎದುರಿನ ಹಲ್ಲಿನ ಡಾಕ್ಟರ ಡ್ರಿಲ್ಲು. ಹಲ್ಲು ನೋವಿಲ್ಲದೆಯೇ ಅಲ್ಲಿ ಹೋಗಿ ಕೂತಿದ್ದು, ಡಾಕ್ಟರು ಒಂದು ಒಳ್ಳೆಯ ಹಲ್ಲನ್ನು ಅನುಮಾನದಿಂದ ನೋಡತೊಡಗಿದಾಗ ಎದ್ದು ಓಡಿ ಬಂದಿದ್ದಾನೆ.

ಇನ್ನು ಅವನ ಸ್ವಂತ ಕೃತಿಗಳು. ಅವುಗಳಲ್ಲಿ ಜನ ಅತಿ ಹೆಚ್ಚು ಕೇಳಿರುವುದು ಒಂದು ಕಚೇರಿಯ ಫೋನಿನಲ್ಲಿ, ದಯವಿಟ್ಟು ಕಾಯಿರಿ ಎಂದ ಮೇಲೆ ಬರುವ ಸಂಗೀತ. ಊರಿನ ಅರ್ಧ ಜನ ಅದಕ್ಕೆ ಹಿಡಿಶಾಪ ಹಾಕಿದ್ದಾರೆ. ಮನಸ್ಸು ಕುಗ್ಗಿದಾಗ ಗುಂಗಣ್ಣ ತಾನೇ ಆ ಕಚೇರಿಗೆ ಫೋನ್ ಮಾಡಿ ಕಣ್ಣು ಮುಚ್ಚಿ ಕೇಳುತ್ತಾನೆ. ಒಂದು ಸಲ ಅಲ್ಲಿಯ ಹುಡುಗಿ ಬೇಗ ಫೋನೆತ್ತಿಬಿಟ್ಟಳು. ಇನ್ನೊಂದು ಚೂರು ಕಾಯಿಸಬಾರದಿತ್ತೇ ಎಂದು ಅವಳ ಮೇಲೆ ರೇಗಿದ.

ಹೀಗೆ ಸುಖವಾಗಿದ್ದವನ ರೂಮಿನ ಮೇಲೆ ಭಾವನ ಕಣ್ಣು ಬಿತ್ತು. ಬಟ್ಟೆ ಒಣಗಿಸಲು ಜಾಗ ಸಾಲುತ್ತಿಲ್ಲ, ಮೇಲೆ ಒಣಗಿಸುವ ಯಂತ್ರ ಹಾಕಿಸಬೇಕು, ಗುಂಗಣ್ಣನ ಡಬ್ಬಿಗಳು ಮಂಚದ ಕೆಳಗೆ ಹಿಡಿಸುತ್ತವೆ ಎಂದು ಭಾವ ಮಾತು ತೆಗೆದ. ಅಕ್ಕ ಗಂಡನ ಮುಂದೆ ಗಂಡನ ಮಾತು ಸರಿ ಎಂದಳು, ತಮ್ಮನ ಮುಂದೆ ತಮ್ಮನ ಮಾತು ಸರಿ ಎಂದಳು. ಗುಂಗಣ್ಣನಿಗೆ ಅನ್ನ ಸೇರಲಿಲ್ಲ. ಆ ರೂಮು ಹೋದರೆ ತಾನು ಬರೀ ಇಸ್ತ್ರಿಯವನು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಸ್ತ್ರಿಯಲ್ಲೂ ಅವನು ಹೇಳಿಕೊಳ್ಳುವಂಥವನೇನಲ್ಲ.

ಅದೇ ವಾರ ನೃತ್ಯ ತಂಡವೊಂದರ ಮೇಡಂ, ತಂಡದ ಉಡುಪುಗಳನ್ನು ಒಗೆಯಲು ಕೊಡಲೆಂದು ಇಬ್ಬರು ಹುಡುಗಿಯರೊಂದಿಗೆ ಬಂದರು. ಮೇಲಿನಿಂದ ಸಂಗೀತ ಕೇಳಿ, ಅದು ಯಾರದೆಂದು ವಿಚಾರಿಸಿ, ಮೆಟ್ಟಿಲು ಹತ್ತಿಯೇಬಿಟ್ಟರು. ಗುಂಗಣ್ಣ ಗಡಿಬಿಡಿಯಲ್ಲಿ ಹೊಸ ಹಾಡೊಂದನ್ನು ಹಾಕಿದ. ಮೇಡಂ ಕಣ್ಣು ಮುಚ್ಚಿ ಎದೆಯ ಮೇಲೆ ಕೈ ಇಟ್ಟುಕೊಂಡರು.

"ಇಲ್ಲಿ ನಡುಗುತ್ತೆ ನೋಡಿ," ಅಂದರು.

ಹುಡುಗಿಯರು ಚಪ್ಪಲಿ ಬಿಟ್ಟು, ತಂತಿಗಳ ನಡುವೆಯೇ ಹೆಜ್ಜೆ ಹಾಕತೊಡಗಿದರು. ಚೂರು ಕುಂಟಿದಂತೆ, ಭಾರ ಒಂದು ಕ್ಷಣ ತಡವಾಗಿ ಬೀಳುವಂತೆ ಅದೊಂದು ವಿಚಿತ್ರ ಚಂದದ ಹೆಜ್ಜೆ. ಎರಡು ದಿನ ಮಧ್ಯಾಹ್ನ ಅಲ್ಲೇ ಬಂದು ಅದನ್ನು ಕಾಲಿಗೆ ಕಲಿಸಿಕೊಂಡರು. ತಮ್ಮ ಹೊಸ ನೃತ್ಯಕ್ಕೆ ಇದೇ ಸಂಗೀತ ಎಂದು ಮೇಡಂ ತೀರ್ಮಾನಿಸಿದರು.

ಸುದ್ದಿ ಕೇಳಿ ಭಾವ ಮೂಗು ಮುರಿದರೂ, ಅಕ್ಕನ ಎದುರಿಗೆ ಒಂದು ಮಾತು ಕೊಟ್ಟ. "ಆ ಕುಣಿತ ನಡೀತು ಅಂದ್ರೆ ರೂಮು ನಿಂದೇ. ನಡೀಲಿಲ್ಲ ಅಂದ್ರೆ ಡಬ್ಬಿ ಕಟ್ಟು."

ತಂಡದ ಅಭ್ಯಾಸ ನಡೆಯುವುದು ಪೇಟೆಯ ಆಚೆಯ ಸಭಾಂಗಣದಲ್ಲಿ. ಗುಂಗಣ್ಣ ಒಗೆದ ಅಂಗಿ ತೊಟ್ಟು ಹೋದ, ಹಾಡು ಹಾಕಿದ. ಸ್ಪೀಕರಿನಿಂದ ಸೊಳ್ಳೆ ಬಂತು. ನಿಜವಾಗಿ ಸೊಳ್ಳೆಯೇ, ಮೇಲೆ ಕುಂಯ್ ಎನ್ನುತ್ತದೆ, ಕೆಳಗೆ ಏನೂ ಇಲ್ಲ. ಒಂದು ಕಾಲು ಎತ್ತಿದ ಹುಡುಗಿಯರು ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಾಗೆಯೇ ನಿಂತರು. ಸಭಾಂಗಣದ ಸ್ಪೀಕರು ಸರಿಯಿಲ್ಲ ಎಂದ ಗುಂಗಣ್ಣ. ಮೇಡಂ ಅದೇ ಸ್ಪೀಕರಿನಲ್ಲಿ ಬೇರೆ ಯಾರದೋ ಸಂಗೀತ ಹಾಕಿದರು, ಕಿಟಕಿಯ ಗಾಜುಗಳು ಅದುರಿದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯುವವರು ಸರಿಯಾಗಿಯೇ ಇದ್ದರು, ನೆಲವನ್ನು ಬೈದವನು ಗುಂಗಣ್ಣ.

ರೂಮಿಗೆ ಬಂದು ಹಾಕಿ ನೋಡಿದರೆ ಹಾಡು ಎದೆ ನಡುಗಿಸುತ್ತಿತ್ತು. ಸಭಾಂಗಣಕ್ಕೆ ಒಯ್ದರೆ ಸೊಳ್ಳೆ. ಮರುದಿನ ತನ್ನ ಸ್ಪೀಕರುಗಳನ್ನೇ ಹೊತ್ತುಕೊಂಡು ಹೋದ, ಸೊಳ್ಳೆ. ಗುಟ್ಟು ಇಟ್ಟಿಗೆಯಲ್ಲಿರಬಹುದೆಂದು ಇಟ್ಟಿಗೆಗಳನ್ನು ಚೀಲದಲ್ಲಿ ಹೊತ್ತ, ಆಗಲೂ ಸೊಳ್ಳೆ. ಗೋಡೆಯಿಂದ ಮೊಟ್ಟೆಯ ಟ್ರೇ ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಬಂದ ದಿನ ಮೇಡಂಗೂ ತಾಳ್ಮೆ ತಪ್ಪಿತು. ಈ ವಾರದೊಳಗೆ ಸರಿಯಾಗದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಕ್ಕ ಒಳಗೊಳಗೇ ಮರುಗಿದಳು. ಭಾವ ಅಳತೆಯ ಟೇಪು ಹಿಡಿದು ಮೆಟ್ಟಿಲ ಅಗಲ ಅಳೆದ.

ಮರುದಿನ ಮಧ್ಯಾಹ್ನ ಗುಂಗಣ್ಣ ರೂಮಿನಲ್ಲಿ ಅದೇ ಹಾಡು ಹಾಕಿಕೊಂಡು ತಲೆ ಹಿಡಿದು ಕೂತಿದ್ದ. ಹಾಡು ಎಂದಿನಂತೆ ಗುಡುಗುತ್ತಿತ್ತು. ಇದ್ದಕ್ಕಿದ್ದಂತೆ ಕೆಳಗೆ ಫಟ್ ಎಂದಿತು, ಹಾಡಿನ ತಳವೇ ಕಳಚಿ ಬಿತ್ತು. ಅವನು ಎರಡೂ ಕಿವಿಗೆ ಬೆರಳು ಹಾಕಿ ತೆಗೆದ. ತಂತಿಗಳನ್ನು ಎಳೆದ, ಸ್ಪೀಕರಿಗೆ ಹೊಡೆದ, ಮಿಕ್ಸರಿಗೆ ಕೆಮ್ಮಿದ. ಸೊಳ್ಳೆ ಹಾಡುತ್ತಲೇ ಇತ್ತು. ಆಗ ಕೆಳಗಿನಿಂದ ಭಾವನ ಗಂಟಲು ಕೇಳಿತು, ಆನೆಯ ಬೆಲ್ಟು ಹರಿಯಿತೆಂದು ಅಕ್ಕನನ್ನು ಕೂಗುತ್ತಿದ್ದ.

ಆನೆ ಇರುವುದು ಸರಿಯಾಗಿ ಈ ರೂಮಿನ ಅಡಿಗೆ. ಅದರ ಒಂದು ಕಾಲಿನ ರಬ್ಬರು ಎಂದೋ ಸವೆದುಹೋಗಿ, ತಿರುಗುವಾಗಲೆಲ್ಲ ಕುಂಟುತ್ತ ಧುಂ ಎನ್ನುತ್ತದೆ, ಚಾವಣಿಯೆಲ್ಲ ನಡುಗುತ್ತದೆ. ದಿನವೂ ಕೇಳಿ ಕೇಳಿ ಗುಂಗಣ್ಣನ ಕಿವಿ ಅದನ್ನು ಸದ್ದೆಂದು ಎಣಿಸುವುದನ್ನೇ ಬಿಟ್ಟಿತ್ತು. ಆದರೆ ಅವನು ಕೆಲಸ ಮಾಡುತ್ತಿದ್ದುದೆಲ್ಲ ಆನೆ ತಿರುಗುವ ಹೊತ್ತಿನಲ್ಲೇ. ರಜೆಯ ದಿನ ಸದ್ದು ಮಾಡಿದರೆ ಮಲಗಿದ ಭಾವ ಎದ್ದು ಬರುತ್ತಿದ್ದ. ತನ್ನ ಹಾಡುಗಳಿಗೆ ಬೇಕಾದ ಅಡಿಪಾಯವೆಲ್ಲ ಕೆಳಗಿನಿಂದ ಪುಕ್ಕಟೆ ಬರುತ್ತಿದ್ದಾಗ, ಅವನ ಕೈ ಅದನ್ನು ಒಂದು ಹಾಡಿನಲ್ಲೂ ಹಾಕಿರಲಿಲ್ಲ. ಲಿಫ್ಟು ಡ್ರಿಲ್ಲುಗಳ ಬೆನ್ನು ಹತ್ತಿ ಊರೆಲ್ಲ ಕಿವಿ ಹಚ್ಚಿ ತಿರುಗಿದವನಿಗೆ ಕಾಲಡಿಯ ಆನೆ ಕೇಳಿಸಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇಂಥವರನ್ನು ನೋಡಿಯೇ. ಗುಂಗಣ್ಣನಿಗೆ ನಾಚಿಕೆಯಿಂದ ಅಳುವೇ ಬಂತು, ಒಂದಿಷ್ಟು ಅತ್ತೂಬಿಟ್ಟ.

ಅತ್ತು ಮುಗಿಸಿ, ಡ್ರಮ್ ಮಷೀನಿನಲ್ಲೇ ಆ ಧುಂ ಧುಂ ಮಾಡಿ ಕಳಿಸಿದ. ಮೇಡಂ ಫೋನ್ ಮಾಡಿ, ತಾಳ ತಲೆಗೆ ಸಿಗುತ್ತದೆ, ಹುಡುಗಿಯರ ಕಾಲಿಗೆ ಸಿಗುತ್ತಿಲ್ಲ ಎಂದರು. ಅವರ ಕಾಲು ಕಲಿತದ್ದು ಆನೆಯ ಕುಂಟನ್ನು. ಯಂತ್ರವೊಂದು ಎಷ್ಟು ಕುಂಟಿದರೆ ಆನೆಯಷ್ಟಾಗುತ್ತದೆ ಎಂದು ಡ್ರಮ್ ಮಷೀನಿಗೆ ಹೇಳಿಕೊಡಲು ಅವನಿಂದಾಗಲಿಲ್ಲ. ಅಷ್ಟರಲ್ಲಿ ಭಾವ, ಆನೆಗೆ ವಯಸ್ಸಾಯಿತು, ಗುಜರಿಗೆ ಹಾಕಿ ಹೊಸದು ತರೋಣ ಎಂದು ಗುಜರಿಯವನಿಗೆ ಹೇಳಿ ಕಳಿಸಲು ಹೊರಟಿದ್ದ.

ಉಳಿದಿದ್ದು ಒಂದೇ ದಾರಿ, ಆನೆಯ ಸದ್ದನ್ನೇ ಹಿಡಿದು ಹಾಡಿಗೆ ಸೇರಿಸುವುದು. ಅದು ಭಾವನ ಕಾಲ ಬಳಿ ಹೋಗುತ್ತಿತ್ತು. ಗುಂಗಣ್ಣ ಮೆಟ್ಟಿಲನ್ನು ಅರ್ಧ ಇಳಿದು ಮತ್ತೆ ಹತ್ತಿದ, ಮತ್ತೆ ಇಳಿದ. ಕೊನೆಗೆ ಗಂಟುಗಳ ನಡುವೆ ನಿಂತು, ಸೋಪಿನ ಪುಡಿಯ ಡಬ್ಬವನ್ನು ನೋಡುತ್ತ ನಡೆದದ್ದನ್ನೆಲ್ಲ ಹೇಳಿದ. ಭಾವ ಚೀಟಿ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ.

"ಅಂದ್ರೆ ಆ ಮೇಡಂ ಎದೆ ಮೇಲೆ ಕೈ ಇಟ್ಕೊಂಡಿದ್ದು ನಮ್ಮ ಮಷೀನಿಗಾ?"

"ಹೂಂ ಭಾವ."

"ನಿನ್ನ ಹಾಡಿಗಲ್ಲ."

"ಹಾಡು ನಂದೇ. ಆದ್ರೆ ನಡುಗಿಸಿದ್ದು ಅದು."

ಭಾವ ಎದ್ದು ಹೋಗಿ, ಆನೆಯ ಬೆನ್ನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. ಮದುವೆಯಾದಾಗಿನಿಂದ ತನ್ನನ್ನು ಕಲೆ ಗೊತ್ತಿಲ್ಲದವನೆಂದು ಈ ಮನೆಯಲ್ಲಿ ಎಲ್ಲರೂ ಭಾವಿಸಿದ್ದಾರೆ ಎಂಬ ಸಿಟ್ಟು ಅವನ ಹೊಟ್ಟೆಯಲ್ಲಿತ್ತು. ಅದು ಅವತ್ತು ಇಳಿಯಿತು. ಗುಜರಿಯವನ ಬದಲು ಮೆಕ್ಯಾನಿಕ್ ಬಂದ. ಬೆಲ್ಟು ಹಾಕಿದವನು, ಕಾಲನ್ನೂ ಸರಿ ಮಾಡುತ್ತೇನೆಂದು ಬಗ್ಗಿದಾಗ, ಭಾವ ಭಾವಮೈದುನರಿಬ್ಬರೂ ಒಟ್ಟಿಗೆ ಹಾರಿ ಅವನ ಕೈ ಹಿಡಿದರು. ಕುಂಟುವ ಯಂತ್ರವನ್ನು ಕುಂಟಲು ಬಿಡಿ ಎಂದು ಬೇಡಿಕೊಂಡ ಗಿರಾಕಿಗಳನ್ನು ಅವನು ಅದೇ ಮೊದಲು ನೋಡಿದ್ದು.

ಧ್ವನಿಮುದ್ರಣದ ದಿನ ಲಾಂಡ್ರಿ ಬಾಗಿಲು ಹಾಕಿತು. ಆನೆಯ ಹೊಟ್ಟೆಯೊಳಗೆ ಏನು ಹಾಕಬೇಕೆಂಬುದನ್ನು ಭಾವನೇ ತೀರ್ಮಾನಿಸಿದ. ಟೇಬಲ್ ಬಟ್ಟೆ ಹಗುರ, ಪರದೆ ಸುತ್ತಿಕೊಳ್ಳುತ್ತದೆ, ಒಗೆಯಲು ಬಂದ ಲಾಡ್ಜಿನ ಕಂಬಳಿಯೇ ಸರಿ. ಗುಂಗಣ್ಣ ಆನೆಯ ಕಾಲ ಬಳಿ ಮೈಕ್ ಇಟ್ಟು ಹೆಡ್‌ಫೋನ್ ಹಾಕಿಕೊಂಡ. ಅಕ್ಕ ಸೀನು ಬಂದರೂ ತಡೆದುಕೊಂಡಳು. ಆ ಕಂಬಳಿಗಳು ಅವತ್ತು ಎಷ್ಟು ಸಲ ಒಗೆಸಿಕೊಂಡವೆಂದರೆ, ಲಾಡ್ಜಿನವನು ಆಮೇಲೆ ಅವನ್ನು ಬೆಳಕಿಗೆ ಹಿಡಿದು ನೋಡಿ, ಇವು ನಮ್ಮವೇ ಹೌದಾ ಎಂದು ಕೇಳಿದ.

ಪ್ರದರ್ಶನದ ಸಂಜೆ ಸಭಾಂಗಣದಲ್ಲಿ ಗಾಜುಗಳಷ್ಟೇ ಅಲ್ಲ, ಕುರ್ಚಿಗಳೂ ಅದುರಿದವು. ಹುಡುಗಿಯರ ಕಾಲು ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ಕೊನೆಯಲ್ಲಿ ಮೇಡಂ ವೇದಿಕೆಗೆ ಬಂದು, ಈ ಸಂಗೀತ ಮಾಡಿದವರು ದಯವಿಟ್ಟು ಎದ್ದು ನಿಲ್ಲಬೇಕು ಎಂದರು. ಗುಂಗಣ್ಣ ಹಿಂದೆ ಕತ್ತಲಲ್ಲಿ ಮಿಕ್ಸರಿನ ಪಕ್ಕದಲ್ಲಿದ್ದ, ತಂತಿಯಿಂದ ಕಾಲು ಬಿಡಿಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಭಾವ ಎದ್ದು, ಕೋಟಿನ ಗುಂಡಿ ಹಾಕಿ, ಜನರ ಕಡೆಗೆ ತಿರುಗಿ ಕೈಮುಗಿದ. ಚಪ್ಪಾಳೆಯ ಮಳೆ. ಗುಂಗಣ್ಣನಿಗೆ ಮೈ ಉರಿಯಿತು. ಉರಿಯುತ್ತಲೇ ನಗುವೂ ಬಂತು, ಯಾಕೆಂದರೆ ಅರ್ಧ ಚಪ್ಪಾಳೆ ನ್ಯಾಯವಾಗಿ ಅಲ್ಲಿಗೇ ಸೇರಬೇಕಿತ್ತು. ಮುಂದಿನ ನೃತ್ಯಕ್ಕೂ ನೀವೇ ಮಾಡಿಕೊಡಬೇಕು ಎಂದು ಮೇಡಂ ಕೇಳಿದಾಗ, ಉತ್ತರವನ್ನೂ ಭಾವನೇ ಕೊಟ್ಟ. "ಅದಕ್ಕೇನಂತೆ ಮೇಡಂ. ನೀರು ಹಿಂಡೋ ಚಿಕ್ಕ ಮಷೀನು ಒಂದಿದೆ, ಇವನು ಅದನ್ನ ಇನ್ನೂ ಸರಿಯಾಗಿ ಕೇಳಿಲ್ಲ."

ರೂಮು ಉಳಿಯಿತು. ಭಾವ ಕೊಟ್ಟ ಮಾತಿಗೆ ತಪ್ಪುವವನಲ್ಲ, ಒಣಗಿಸುವ ಯಂತ್ರದ ಹೆಸರನ್ನು ಮತ್ತೆ ಎತ್ತಲಿಲ್ಲ. ಮರುದಿನ ಮಧ್ಯಾಹ್ನ ಗುಂಗಣ್ಣ ಇಸ್ತ್ರಿ ಮುಗಿಸಿ, ಗೆದ್ದವನ ಠೀವಿಯಲ್ಲಿ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದ. ಎರಡು ಸ್ಪೀಕರುಗಳ ನಡುವೆ, ಸದ್ದು ಅತಿ ಚೆನ್ನಾಗಿ ಕೇಳುವ ಜಾಗದಲ್ಲಿ, ಲಾಂಡ್ರಿಯ ಗಲ್ಲಾದ ಕುರ್ಚಿ ಇತ್ತು. ಅದರ ಮೇಲೆ ಭಾವ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಬಾಗಿಲು ಹಾಕ್ಕೊಂಡು ಬಾ, ಬೀದಿ ಗಲಾಟೆ ಒಳಗೆ ಬರುತ್ತೆ," ಅಂದ. "ಹೂಂ, ಹಾಕು ಕೇಳೋಣ. ಮೊದಲೇ ಹೇಳ್ತೀನಿ, ನಿನ್ನ ಕುಂಯ್ ಕುಂಯ್ ಸ್ವಲ್ಪ ಜಾಸ್ತಿ ಆಗ್ತಿದೆ."

ಒಬ್ಬನೇ ಇರುವ ಸುಖಕ್ಕಾಗಿ ತಾನೇ ಗುಂಗಣ್ಣ ಇಟ್ಟಿಗೆ ಹೊತ್ತದ್ದು, ಸೋಪಿನ ಡಬ್ಬದ ಮುಂದೆ ಮಾನ ಕಳೆದುಕೊಂಡದ್ದು. ಅವನು ಬಾಗಿಲು ಹಾಕಿದ. ಭಾವ ಒಳಗೇ ಇದ್ದ.